ಬೀಗದ ಚಿಹ್ನೆ ಇದ್ದ ಜಾಲತಾಣದಲ್ಲೇ ಮೋಸ ಹೋದೆ. ಇನ್ನು ಏನನ್ನು ನೋಡಿ ನಂಬಬೇಕು?

ಪ್ರಶ್ನೆ

ಕಳೆದ ತಿಂಗಳು ಜಾಹೀರಾತೊಂದರ ಮೂಲಕ ಹೋಗಿ, ಅದುವರೆಗೆ ಹೆಸರೇ ಕೇಳಿರದ ಒಂದು ಆನ್‌ಲೈನ್ ಮಳಿಗೆಯಲ್ಲಿ ಮೇಜಿನ ದೀಪವನ್ನು ಕೊಂಡೆ. ಬ್ರೌಸರ್‌ನ ವಿಳಾಸಪಟ್ಟಿಯಲ್ಲಿ ಬೀಗದ ಚಿಹ್ನೆ ಇತ್ತು, ವಿಳಾಸವೂ ‘ಎಚ್‌ಟಿಟಿಪಿಎಸ್’ ಎಂದೇ ಆರಂಭವಾಗುತ್ತಿತ್ತು. ಹಾಗಾಗಿ ಅನುಮಾನ ಬರಲಿಲ್ಲ. ಖಾತೆ ತೆರೆಯುವಾಗ ಜನ್ಮದಿನಾಂಕವನ್ನೂ ಎರಡು ಫೋನ್ ಸಂಖ್ಯೆಗಳನ್ನೂ ಕೇಳಿದರು, ಕೊಟ್ಟೆ. ಡೆಬಿಟ್ ಕಾರ್ಡಿನಿಂದ ಹಣ ಪಾವತಿಸಿದೆ. ದೀಪ ಬರಲಿಲ್ಲ, ಹತ್ತು ದಿನಗಳಾದ ಮೇಲೆ ಆ ಜಾಲತಾಣವೂ ಕಾಣೆಯಾಯಿತು. ಈಗ ಯಾರೋ ಕರೆ ಮಾಡಿ, ನನ್ನ ಹೆಸರನ್ನೂ ನಾನು ಕೊಂಡ ವಸ್ತುವನ್ನೂ ಸರಿಯಾಗಿ ಹೇಳಿ, ಹಣ ಮರಳಿಸಲು ಫೋನಿಗೆ ಬಂದಿರುವ ಒಟಿಪಿ ತಿಳಿಸಿ ಎನ್ನುತ್ತಿದ್ದಾರೆ. ನಾನಿನ್ನೂ ಹೇಳಿಲ್ಲ. ಬೀಗದ ಚಿಹ್ನೆಗೆ ಅರ್ಥವೇ ಇಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಮೊದಲ ಉತ್ತರ

ಒಟಿಪಿಯನ್ನು ಯಾವ ಕಾರಣಕ್ಕೂ ಹೇಳಬೇಡಿ. ಅದನ್ನು ಕೇಳುವುದು ನಿಮ್ಮ ಖಾತೆಯಿಂದ ಹಣ ಹೊರಗೆ ಹೋಗುವಾಗ. ಹಣ ಮರಳಿ ಬರಲು ನೀವು ಅದನ್ನು ಯಾರಿಗೂ ತಿಳಿಸಬೇಕಾಗಿಲ್ಲ. ಉಳಿದದ್ದನ್ನು ಓದುವ ಮೊದಲು ಕಾರ್ಡಿನ ಹಿಂಬದಿಯಲ್ಲಿ ಮುದ್ರಿತವಾಗಿರುವ ಸಂಖ್ಯೆಗೆ ಕರೆ ಮಾಡಿ ಕಾರ್ಡನ್ನು ಬ್ಲಾಕ್ ಮಾಡಿಸಿ, ವಸ್ತು ತಲುಪಿಲ್ಲವೆಂದು ದೂರು ದಾಖಲಿಸಿ. ಹುಡುಕಾಟದಲ್ಲಿ ಸಿಗುವ ‘ಗ್ರಾಹಕ ಸೇವೆ’ ಸಂಖ್ಯೆಗಳಿಗೆ ಕರೆ ಮಾಡಬೇಡಿ, ಅವುಗಳಲ್ಲೂ ನಕಲಿ ಸಂಖ್ಯೆಗಳು ಸೇರಿರುತ್ತವೆ. ಆ ಮಳಿಗೆಯಲ್ಲಿ ಬಳಸಿದ ಪಾಸ್‌ವರ್ಡನ್ನೇ ಬೇರೆಡೆಯೂ ಬಳಸಿದ್ದರೆ, ಇಮೇಲ್‌ನಿಂದ ಆರಂಭಿಸಿ ಎಲ್ಲ ಕಡೆಯೂ ಇಂದೇ ಬದಲಿಸಿ.

ಇನ್ನು ಬೀಗದ ವಿಚಾರ. ಅದು ಅಂಟಿಸಿದ ಲಕೋಟೆಯಂತೆ: ನೀವು ಕಳುಹಿಸಿದ್ದನ್ನು ದಾರಿಯಲ್ಲಿ ಯಾರೂ ಓದಲಾರರು, ಆದರೆ ಲಕೋಟೆಯನ್ನು ಒಡೆದು ಓದುವವನು ಪ್ರಾಮಾಣಿಕನೋ ಅಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್‌ನಂತಹ ಸಂಸ್ಥೆಗಳು ಇದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ನೀಡುತ್ತವೆ, ಮತ್ತು ಅರ್ಜಿದಾರನ ಹತೋಟಿಯಲ್ಲಿ ಆ ವಿಳಾಸ ಇದೆಯೇ ಎಂಬುದನ್ನಷ್ಟೇ ಪರಿಶೀಲಿಸುತ್ತವೆ. ಮೋಸಗಾರನಿಗೂ ತನ್ನ ವಿಳಾಸದ ಮೇಲೆ ಹತೋಟಿ ಇದ್ದೇ ಇರುತ್ತದೆ. ಜನರು ಈ ಚಿಹ್ನೆಯನ್ನು ನಂಬಿಕೆಯ ಗುರುತೆಂದು ತಪ್ಪಾಗಿ ತಿಳಿಯುತ್ತಾರೆಂಬ ಕಾರಣಕ್ಕೇ ಗೂಗಲ್ 2023ರಲ್ಲಿ ಕ್ರೋಮ್ ಬ್ರೌಸರ್‌ನ ವಿಳಾಸಪಟ್ಟಿಯಿಂದ ಬೀಗವನ್ನು ತೆಗೆದು ಬೇರೊಂದು ಚಿಹ್ನೆಯನ್ನು ಇಟ್ಟಿತು.

ನೋಡಬೇಕಾದದ್ದು ವಿಳಾಸವನ್ನು, ಅದೂ ಹಿಂದಿನಿಂದ ಮುಂದಕ್ಕೆ. ಆರಂಭದ ಜೋಡಿ ಓರೆಗೆರೆಗಳನ್ನು ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಯಲ್ಲಿ ನಿಂತು ಎಡಕ್ಕೆ ಓದಿ. ‘ಅಂಗಡಿ.ಕಾಮ್.ರಿಯಾಯಿತಿ.ಶಾಪ್/ದೀಪ’ ಎಂದಿದ್ದರೆ ಅದರ ಒಡೆತನ ‘ರಿಯಾಯಿತಿ.ಶಾಪ್’ ಎಂಬುದರದು; ಮುಂದೆ ಇರುವ ‘ಅಂಗಡಿ.ಕಾಮ್’ ಕೇವಲ ಅಲಂಕಾರ. ಆ ವಿಳಾಸ ಎಂದು ನೋಂದಣಿಯಾಯಿತೆಂಬುದನ್ನು ‘ಹೂ ಈಸ್’ ಹುಡುಕಾಟದಲ್ಲಿ ನೋಡಬಹುದು. ಬಹಳ ವರ್ಷಗಳಿಂದ ವ್ಯಾಪಾರದಲ್ಲಿದ್ದೇವೆ ಎನ್ನುವ ಮಳಿಗೆಯ ವಿಳಾಸ ಮೂರು ವಾರಗಳ ಹಿಂದಷ್ಟೇ ನೋಂದಣಿಯಾಗಿದ್ದರೆ ಅಲ್ಲಿಂದ ಹೊರಡಿ.

ಎರಡನೆಯ ಉತ್ತರ

ಮೇಲಿನವರು ಹೇಳಿದ್ದು ಸರಿ, ಆದರೆ ನಿಜವಾದ ಮಳಿಗೆಯಲ್ಲೂ ಅಪಾಯವಿದೆ ಎಂಬುದನ್ನು ಸೇರಿಸಲು ಬಯಸುತ್ತೇನೆ. 2018ರಲ್ಲಿ ಬ್ರಿಟಿಷ್ ಏರ್‌ವೇಸ್‌ನ ಪಾವತಿ ಪುಟದೊಳಗೆ ಕಳ್ಳರು ತಮ್ಮ ಕೋಡನ್ನು ಸೇರಿಸಿ, ಗ್ರಾಹಕರು ಟೈಪ್ ಮಾಡಿದ ಕಾರ್ಡ್ ವಿವರಗಳನ್ನು ಹಾಗೆಯೇ ಕದ್ದರು. ವಿಳಾಸವೂ ಬೀಗವೂ ಅಸಲಿಯೇ ಆಗಿದ್ದವು. ಬ್ರಿಟನ್ನಿನ ಮಾಹಿತಿ ಆಯುಕ್ತರ ಕಚೇರಿ 2020ರಲ್ಲಿ ಸಂಸ್ಥೆಗೆ 2 ಕೋಟಿ ಪೌಂಡ್ ದಂಡ ವಿಧಿಸಿತು. ಇಂತಹ ಕಳ್ಳತನವನ್ನು ಗ್ರಾಹಕ ಕಣ್ಣಿನಿಂದ ಕಂಡುಹಿಡಿಯುವುದು ಅಸಾಧ್ಯವಾದ್ದರಿಂದ, ಕದ್ದರೂ ಹೆಚ್ಚು ನಷ್ಟವಾಗದಂತಹ ಸಾಧನದಿಂದ ಹಣ ಪಾವತಿಸುವುದೇ ಉಪಾಯ. ನಿಮ್ಮ ಬ್ಯಾಂಕ್ ಒಂದೇ ಬಾರಿ ಬಳಸುವ ವರ್ಚುವಲ್ ಕಾರ್ಡ್ ಕೊಡುತ್ತಿದ್ದರೆ ಅದನ್ನು ಬಳಸಿ. ಇಲ್ಲವಾದರೆ, ಕಡಿಮೆ ಮಿತಿ ಇಟ್ಟ ಕ್ರೆಡಿಟ್ ಕಾರ್ಡ್ ಡೆಬಿಟ್ ಕಾರ್ಡಿಗಿಂತ ಮೇಲು. ಡೆಬಿಟ್ ಕಾರ್ಡಿನಲ್ಲಿ ವಿವಾದ ಇತ್ಯರ್ಥವಾಗುವವರೆಗೆ ಸಿಕ್ಕಿಕೊಳ್ಳುವುದು ನಿಮ್ಮ ಖಾತೆಯಲ್ಲಿದ್ದ ಹಣವೇ.

ಪ್ರಶ್ನೆ ಕೇಳಿದವರು

ಕಾರ್ಡ್ ಬ್ಲಾಕ್ ಆಯಿತು, ದೂರು ದಾಖಲಾಯಿತು, ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಆದರೆ ನನ್ನ ಜನ್ಮದಿನಾಂಕವನ್ನು ಬ್ಲಾಕ್ ಮಾಡಿಸಲು ಆಗುವುದಿಲ್ಲವಲ್ಲ ಎಂಬ ಚಿಂತೆ ಉಳಿದಿದೆ. ಮಳಿಗೆಗೆ ಎಷ್ಟು ಮಾಹಿತಿ ಕೊಡುವುದು ಅಗತ್ಯ?

ಮೂರನೆಯ ಉತ್ತರ

ನಿಮ್ಮ ಚಿಂತೆ ಸಹಜವಾದದ್ದು, ಮತ್ತು ನನ್ನ ದೃಷ್ಟಿಯಲ್ಲಿ ಇದು ಹಣಕ್ಕಿಂತ ದೊಡ್ಡ ಪ್ರಶ್ನೆ. ದೀಪವನ್ನು ಮನೆಗೆ ತಲುಪಿಸಲು ಹೆಸರು, ವಿಳಾಸ, ಒಂದು ಫೋನ್ ಸಂಖ್ಯೆ ಸಾಕು. ಜನ್ಮದಿನಾಂಕ ಬೇಕಿಲ್ಲ. ಫೋನಿನಲ್ಲಿರುವ ಸಂಪರ್ಕಗಳ ಪಟ್ಟಿಯನ್ನು ನೋಡಲು ಮಳಿಗೆಯ ಆಪ್ ಅನುಮತಿ ಕೇಳಿದರೆ ನಿರಾಕರಿಸಿ. ಆ ಪಟ್ಟಿಯಲ್ಲಿರುವವರು ಯಾರೂ ತಮ್ಮ ಸಂಖ್ಯೆಯನ್ನು ಹಂಚಲು ನಮಗೆ ಒಪ್ಪಿಗೆ ಕೊಟ್ಟಿಲ್ಲ. ಖಾತೆ ತೆರೆಯದೆ ಅತಿಥಿಯಾಗಿ ಕೊಳ್ಳುವ ಅವಕಾಶವಿದ್ದರೆ ಅದನ್ನೇ ಆರಿಸಿ, ಖರೀದಿಗೆಂದೇ ಪ್ರತ್ಯೇಕ ಇಮೇಲ್ ಇಟ್ಟುಕೊಳ್ಳಿ.

ನಾವು ಬರೆದುಕೊಡದೆಯೂ ಹೋಗುವ ಮಾಹಿತಿ ಇದೆ. ಕುಕಿಗಳೆಂದರೆ ಜಾಲತಾಣಗಳು ನಮ್ಮ ಬ್ರೌಸರ್‌ನಲ್ಲಿ ಉಳಿಸಿಡುವ ಚಿಕ್ಕ ಮಾಹಿತಿ ತುಣುಕುಗಳು. ಲೂ ಮಾಂಟುಲಿ ಎಂಬ ತಂತ್ರಜ್ಞ 1994ರಲ್ಲಿ ಬ್ರೌಸರ್ ಸಂಸ್ಥೆಯಾದ ನೆಟ್‌ಸ್ಕೇಪ್‌ನಲ್ಲಿದ್ದಾಗ ರೂಪಿಸಿದ ಇವುಗಳ ಮೊದಲ ಉದ್ದೇಶಗಳಲ್ಲಿ ಒಂದು, ಗ್ರಾಹಕನ ಬುಟ್ಟಿಯಲ್ಲಿ ಏನಿದೆ ಎಂಬುದನ್ನು ನೆನಪಿಡುವುದು. ಅದೇ ಉಪಾಯವನ್ನು ಜಾಹೀರಾತು ಸಂಸ್ಥೆಗಳು ಜಾಲತಾಣದಿಂದ ಜಾಲತಾಣಕ್ಕೆ ನಮ್ಮನ್ನು ಹಿಂಬಾಲಿಸಲು ಬಳಸಿಕೊಂಡವು. ಇಂತಹ ಮೂರನೆಯವರ ಕುಕಿಗಳನ್ನು ಆ್ಯಪಲ್‌ನ ಸಫಾರಿ ಬ್ರೌಸರ್ 2020ರಿಂದ ತಾನಾಗಿಯೇ ತಡೆಯುತ್ತಿದೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನಾವೇ ತಡೆಯಬೇಕು. ಬ್ರೌಸರ್‌ನ ಖಾಸಗಿ ಕಿಟಕಿಯನ್ನು ಹೆಚ್ಚು ನಂಬಬೇಡಿ, ಅದು ನಿಮ್ಮ ಸಾಧನದಲ್ಲಿ ಗುರುತು ಉಳಿಸುವುದಿಲ್ಲವೇ ಹೊರತು ಮಳಿಗೆಯಿಂದ ನಿಮ್ಮನ್ನು ಮರೆಮಾಡುವುದಿಲ್ಲ.

ಕೊಟ್ಟುಬಿಟ್ಟ ಜನ್ಮದಿನಾಂಕವನ್ನು ಹಿಂಪಡೆಯಲಾಗದು. ಆದರೆ ಎಲ್ಲೆಲ್ಲಿ ಅದನ್ನೇ ಪಾಸ್‌ವರ್ಡಿನಲ್ಲೋ ಪಿನ್‌ನಲ್ಲೋ ಗುರುತಿನ ಪ್ರಶ್ನೆಯ ಉತ್ತರದಲ್ಲೋ ಬಳಸಿದ್ದೀರೋ ಅಲ್ಲೆಲ್ಲ ಬದಲಿಸಿದರೆ, ಅದನ್ನು ಹಿಡಿದುಕೊಂಡವನಿಗೆ ತೆರೆಯಬಹುದಾದ ಬಾಗಿಲುಗಳು ಬಹಳ ಕಡಿಮೆಯಾಗುತ್ತವೆ. ಅಂತಹ ಕಡೆಗಳ ಪಟ್ಟಿಯನ್ನು ಇಂದು ಸಂಜೆಯೇ ಮಾಡಿಕೊಳ್ಳಿ, ಬ್ಯಾಂಕಿನ ಪಿನ್ ಮೊದಲು ಇರಲಿ.