ಮನೆಯ ಕೆಲಸಕ್ಕೂ ಗೇಮಿಂಗ್‌ಗೂ ಒಂದೇ ಕಂಪ್ಯೂಟರ್: ವಿಂಡೋಸ್, ಲಿನಕ್ಸ್, ಮ್ಯಾಕ್‌ಗಳಲ್ಲಿ ಯಾವುದು ಸರಿ?

ಕುಂಜಿಬೆಟ್ಟು ನಿವಾಸಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಏಳನೇ ತಲೆಮಾರಿನ ಕೋರ್ ಐ5 ಪ್ರೊಸೆಸರ್ ಇರುವ ಹಳೆಯ ಡೆಸ್ಕ್‌ಟಾಪ್ ಒಂದಿದ್ದು, ಅದರಲ್ಲಿ ವಿಂಡೋಸ್ 10 ನಡೆಯುತ್ತಿದೆ. ಯಂತ್ರಕ್ಕೆ ಯಾವ ತೊಂದರೆಯೂ ಇಲ್ಲ. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಈ ಪ್ರೊಸೆಸರನ್ನು ಒಪ್ಪುವುದಿಲ್ಲ. ಆದ್ದರಿಂದ ಹೊಸದನ್ನು ಕೊಳ್ಳಲು ಯೋಚಿಸುತ್ತಿದ್ದೇನೆ.

ನನ್ನ ಬಳಕೆ ಹೀಗಿದೆ: ನಮ್ಮ ಯಕ್ಷಗಾನ ಸಂಘದ ಲೆಕ್ಕಪತ್ರವನ್ನು ಟ್ಯಾಲಿಯಲ್ಲಿ ಇಡುತ್ತೇನೆ, ಸಂಘದ ಸ್ಮರಣ ಸಂಚಿಕೆಗೆಂದು ಹಲವು ವರ್ಷಗಳಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳಿವೆ, ತಾಳಮದ್ದಳೆಗಳನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ ಸ್ವಲ್ಪ ಕತ್ತರಿಸಿ ಜೋಡಿಸುವುದೂ ಇದೆ. ರಾತ್ರಿ ಬಿಡುವಾದಾಗ ಸೈಬರ್‌ಪಂಕ್ 2077, ಬಾಲ್ಡರ್ಸ್ ಗೇಟ್ 3 ಮುಂತಾದ ಆಟಗಳನ್ನು ನೆಮ್ಮದಿಯಾಗಿ ಆಡಬೇಕೆಂಬ ಆಸೆ ನನ್ನದು. ಪಿಯುಸಿ ಓದುತ್ತಿರುವ ಮಗನಿಗೆ ವ್ಯಾಲೊರಂಟ್ ಮತ್ತು ಕೌಂಟರ್‌ಸ್ಟ್ರೈಕ್ 2 ಬೇಕು. ಮಾನಿಟರ್ ಇದೆ, ಉಳಿದೆಲ್ಲ ಸೇರಿ ಸುಮಾರು 90,000 ರೂಪಾಯಿ ಹಾಕಬಹುದು.

ಭಾವನವರು ಮ್ಯಾಕ್ ಮಿನಿ ತೆಗೆದುಕೊಂಡರೆ ಹತ್ತು ವರ್ಷ ತಿರುಗಿ ನೋಡಬೇಕಿಲ್ಲ ಎನ್ನುತ್ತಾರೆ. ಮಗನ ಗೆಳೆಯರೆಲ್ಲ ಗೇಮಿಂಗ್ ಲ್ಯಾಪ್‌ಟಾಪ್ ಎನ್ನುತ್ತಾರೆ. ಕಚೇರಿಯ ಸಹೋದ್ಯೋಗಿಯೊಬ್ಬರು ಲಿನಕ್ಸ್ ಹಾಕಿದರೆ ಪರವಾನಗಿಯ ದುಡ್ಡು ಉಳಿಯುತ್ತದೆ, ಈಗ ಆಟಗಳೂ ಅದರಲ್ಲಿ ಓಡುತ್ತವೆ ಎಂದರು. ಮೂರೂ ಮಾತುಗಳು ನಿಜವೆನಿಸುತ್ತಿರುವುದರಿಂದಲೇ ತೀರ್ಮಾನ ಕಷ್ಟವಾಗಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಸುರತ್ಕಲ್ ಓದುಗ

ಮಾನ್ಯರೇ, ಆಪರೇಟಿಂಗ್ ಸಿಸ್ಟಮ್ ಯಾವುದು ಉತ್ತಮ ಎಂದು ಕೇಳುವ ಬದಲು, ನಿಮ್ಮ ಪಟ್ಟಿಯಲ್ಲಿ ಬದಲಿ ಇಲ್ಲದ ತಂತ್ರಾಂಶ ಯಾವುದು ಎಂದು ಕೇಳಿಕೊಂಡರೆ ಉತ್ತರ ತಾನಾಗಿ ಸಿಗುತ್ತದೆ. ನೀವು ಹೇಳಿದವುಗಳಲ್ಲಿ ಅಂಥವು ಎರಡು: ವ್ಯಾಲೊರಂಟ್ ಮತ್ತು ಟ್ಯಾಲಿ.

ಮೊದಲು ವ್ಯಾಲೊರಂಟ್. ಈ ಆಟದೊಂದಿಗೆ ವ್ಯಾನ್‌ಗಾರ್ಡ್ ಎಂಬ ಮೋಸತಡೆ ತಂತ್ರಾಂಶ ಬರುತ್ತದೆ. ಅದು ಸಾಮಾನ್ಯ ಪ್ರೋಗ್ರಾಮಿನಂತೆ ಆಟ ತೆರೆದಾಗ ಎದ್ದು ಮುಚ್ಚಿದಾಗ ಮಲಗುವಂಥದ್ದಲ್ಲ. ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೆ ಡ್ರೈವರ್ ಆಗಿ ಕುಳಿತು, ಯಂತ್ರ ಬೂಟ್ ಆಗುವಾಗಲೇ ಕೆಲಸ ಶುರು ಮಾಡುತ್ತದೆ. ಲಿನಕ್ಸ್‌ನಲ್ಲಿ ವಿಂಡೋಸ್ ಆಟಗಳನ್ನು ಓಡಿಸುವ ಪ್ರೋಟಾನ್, ಆಟವು ವಿಂಡೋಸ್‌ಗೆ ಕಳುಹಿಸುವ ಕೋರಿಕೆಗಳನ್ನು ಲಿನಕ್ಸ್‌ಗೆ ಅರ್ಥವಾಗುವ ಹಾಗೆ ಮಾರ್ಪಡಿಸುತ್ತದೆಯೇ ಹೊರತು, ವಿಂಡೋಸ್‌ನ ಕರ್ನಲನ್ನೇ ತಂದುಕೊಡುವುದಿಲ್ಲ. ಹೀಗಾಗಿ ವ್ಯಾಲೊರಂಟ್ ಅಲ್ಲಿ ಓಡುವುದಿಲ್ಲ, ಮತ್ತು ಇದು ಯಾರಾದರೂ ಜಾಣತನದಿಂದ ದಾಟಬಹುದಾದ ಸಣ್ಣ ತೊಡಕೂ ಅಲ್ಲ. ವಿಂಡೋಸ್ 11ರಲ್ಲಿಯೂ ಟಿಪಿಎಂ 2.0 (ಯಂತ್ರದ ಭದ್ರತಾ ಘಟಕ) ಮತ್ತು ಸೆಕ್ಯೂರ್ ಬೂಟ್ (ನಂಬಬಹುದಾದ ಸಹಿಯುಳ್ಳ ತಂತ್ರಾಂಶದಿಂದ ಮಾತ್ರ ಯಂತ್ರ ಆರಂಭವಾಗುವ ವ್ಯವಸ್ಥೆ) ಎರಡೂ ಚಾಲೂ ಇದ್ದರೆ ಮಾತ್ರ ಅದು ಆಡಗೊಡುತ್ತದೆ. ಫೋರ್ಟ್‌ನೈಟ್‌ನ ಕಥೆಯೂ ಇದೇ. ಏಪೆಕ್ಸ್ ಲೆಜೆಂಡ್ಸ್ ಮೊದಲು ಲಿನಕ್ಸ್‌ನಲ್ಲಿ ಓಡುತ್ತಿತ್ತು. 2024ರಲ್ಲಿ ಕಂಪನಿಯವರೇ ಆ ಬಾಗಿಲನ್ನು ಮುಚ್ಚಿದರು. ಮಗ ಇಂದು ಆಡುವ ಆಟವನ್ನಷ್ಟೇ ನೋಡದೆ, ಈ ಜಾತಿಯ ಆನ್‌ಲೈನ್ ಸ್ಪರ್ಧಾತ್ಮಕ ಆಟಗಳೆಲ್ಲ ಎತ್ತ ಸಾಗುತ್ತಿವೆ ಎಂಬುದನ್ನೂ ಗಮನಿಸಬೇಕಾಗುತ್ತದೆ.

ನಿಮ್ಮ ಸಹೋದ್ಯೋಗಿ ಹೇಳಿದ್ದು ಸುಳ್ಳೇನಲ್ಲ. ವಾಲ್ವ್ ಕಂಪನಿ 2018ರಲ್ಲಿ ಪ್ರೋಟಾನನ್ನು ಹೊರತಂದು, 2022ರಲ್ಲಿ ಸ್ಟೀಮ್ ಡೆಕ್ ಎಂಬ ಲಿನಕ್ಸ್ ಆಧಾರಿತ ಕೈಯಂತ್ರವನ್ನು ಮಾರಲು ತೊಡಗಿದ ಮೇಲೆ, ಒಬ್ಬರೇ ಕುಳಿತು ಆಡುವ ಆಟಗಳ ಮಟ್ಟಿಗೆ ಪರಿಸ್ಥಿತಿ ಪೂರ್ತಿ ಬದಲಾಗಿದೆ. ನೀವು ಹೆಸರಿಸಿದ ಸೈಬರ್‌ಪಂಕ್, ಬಾಲ್ಡರ್ಸ್ ಗೇಟ್ ಎರಡೂ ಲಿನಕ್ಸ್‌ನಲ್ಲಿ ಚೆನ್ನಾಗಿ ನಡೆಯುತ್ತವೆ. ಕೌಂಟರ್‌ಸ್ಟ್ರೈಕ್ 2ಕ್ಕೆ ಪ್ರೋಟಾನ್ ಕೂಡ ಬೇಡ, ಲಿನಕ್ಸ್‌ಗೆಂದೇ ಸಿದ್ಧಪಡಿಸಿದ ಆವೃತ್ತಿ ಇದೆ. ಅಂದರೆ ಆಟದ ಮಟ್ಟಿಗೆ ತಂದೆಗೆ ಲಿನಕ್ಸ್ ಸಾಕು, ಮಗನಿಗೆ ಸಾಲದು.

ಮ್ಯಾಕ್ ಮಿನಿಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಸದ್ದಿಲ್ಲದ, ಕಡಿಮೆ ವಿದ್ಯುತ್ ಬಳಸುವ ಒಳ್ಳೆಯ ಯಂತ್ರ ಅದು. ಆದರೆ 2020ರಲ್ಲಿ ಆರಂಭವಾದ ಎಂ ಸರಣಿಯ ಚಿಪ್‌ಗಳಿಗೆ ಬೂಟ್ ಕ್ಯಾಂಪ್ (ಮ್ಯಾಕ್‌ನಲ್ಲಿ ವಿಂಡೋಸ್ ಹಾಕಿಕೊಡುವ ಆ್ಯಪಲ್‌ನ ಸಾಧನ) ಇಲ್ಲದ ಕಾರಣ ವಿಂಡೋಸನ್ನು ನೇರವಾಗಿ ಹಾಕಲಾಗದು. ವ್ಯಾಲೊರಂಟ್ ಇಲ್ಲ, ಕೌಂಟರ್‌ಸ್ಟ್ರೈಕ್ 2 ಇಲ್ಲ, ಟ್ಯಾಲಿಯೂ ಮ್ಯಾಕ್‌ಗೆಂದು ಬರುವುದಿಲ್ಲ. ನಿಮ್ಮ ಭಾವನವರ ಕೆಲಸ ಬೇರೆಯಿರಬಹುದು.

ಆದುದರಿಂದ ಹೊಸ ಯಂತ್ರಕ್ಕೆ ವಿಂಡೋಸ್ 11 ಅನಿವಾರ್ಯ, ಮತ್ತು ಅದರ ಪರವಾನಗಿಯ ಬೆಲೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ರಿಟೇಲ್ ಪರವಾನಗಿಯನ್ನು ಮುಂದೆ ಯಂತ್ರ ಬದಲಿಸಿದಾಗ ಹೊಸದಕ್ಕೆ ಸಾಗಿಸಬಹುದು. ಓಇಎಂ ಪರವಾನಗಿ (ಒಂದೇ ಯಂತ್ರಕ್ಕೆಂದು ಕೊಡುವಂಥದ್ದು) ಆ ಮದರ್‌ಬೋರ್ಡಿನೊಂದಿಗೇ ಮುಗಿಯುತ್ತದೆ. ಕೆಲವೇ ನೂರು ರೂಪಾಯಿಗೆ ಆನ್‌ಲೈನಿನಲ್ಲಿ ಮಾರುವ ಕೀಗಳು ಎಲ್ಲಿಂದ ಬಂದವು ಎಂಬುದಕ್ಕೆ ಆಧಾರವಿರುವುದಿಲ್ಲ. ಸಂಘದ ಲೆಕ್ಕ ಇಡುವ ಯಂತ್ರಕ್ಕಂತೂ ಅವು ಬೇಡವೇ ಬೇಡ.

ಮಣಿಪಾಲದ ಲಿನಕ್ಸ್ ಬಳಕೆದಾರ

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಅದು ಹಳೆಯ ಯಂತ್ರವನ್ನು ಮರೆತಂತಿದೆ. ಏಳನೇ ತಲೆಮಾರಿನ ಐ5 ಗುಜರಿಗೆ ಹಾಕುವ ವಸ್ತುವಲ್ಲ. ಅದರಲ್ಲಿ ಇನ್ನೂ ಹಾರ್ಡ್ ಡಿಸ್ಕ್ ಇದ್ದರೆ ಒಂದು ಸಾಟಾ ಎಸ್‌ಎಸ್‌ಡಿ ಹಾಕಿಸಿ, ಲಿನಕ್ಸ್ ಮಿಂಟ್ 22 ಸ್ಥಾಪಿಸಿದರೆ 2029ರವರೆಗೆ ಭದ್ರತಾ ಪರಿಷ್ಕರಣೆಗಳು ಬರುತ್ತವೆ. ಮಗ ಆಡಲು ಕುಳಿತಾಗ ತಂದೆಯ ಬರವಣಿಗೆ ನಿಲ್ಲಬೇಕಾಗಿಯೂ ಇಲ್ಲ. ಮನೆಯ ಶಾಂತಿಗೆ ಇದರಷ್ಟು ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಇನ್ನೊಂದು ಕಾರಣವೂ ಇದೆ. ಕರ್ನಲ್‌ನೊಳಗೆ ಕೂರುವ ಮೋಸತಡೆ, ಆಟವನ್ನು ಮಾರ್ಪಡಿಸಲು ಎಲ್ಲಿಂದಲೋ ಇಳಿಸಿದ ಮಾಡ್‌ಗಳು, ಗೆಳೆಯರು ಕಳುಹಿಸಿದ ಫೈಲುಗಳು ಇರುವ ಯಂತ್ರದಲ್ಲೇ ಬ್ಯಾಂಕಿನ ವ್ಯವಹಾರವನ್ನೂ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಟ್ಯಾಲಿ ಹೇಗೂ ವಿಂಡೋಸ್‌ನಲ್ಲೇ ಇರಬೇಕಾದ್ದರಿಂದ ಅದನ್ನು ಹೊಸ ಯಂತ್ರದಲ್ಲಿ ಪ್ರತ್ಯೇಕ ಬಳಕೆದಾರ ಖಾತೆಯೊಳಗೆ ಇಟ್ಟು, ಮಗನ ಖಾತೆಗೆ ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡದಿರಿ. ಬ್ಯಾಂಕ್, ಇಮೇಲ್, ಬರವಣಿಗೆ ಹಳೆಯದರಲ್ಲಿ ಇರಲಿ.

ಕನ್ನಡದ ವಿಷಯಕ್ಕೆ ಬರೋಣ. ನುಡಿಯ ಕೀಲಿಮಣೆ ಬೆರಳಿಗೆ ಕೂತಿದೆ ಎಂದು ಅಂಜಬೇಕಾಗಿಲ್ಲ. ನುಡಿಯಲ್ಲಿ ಬಳಸುವುದು ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕೆಜಿಪಿ (ಕನ್ನಡ ಗಣಕ ಪರಿಷತ್ತು) ಕೀಲಿಮಣೆ. ಲಿನಕ್ಸ್‌ನಲ್ಲಿ ಟೈಪಿಂಗ್‌ಗೆ ನೆರವಾಗುವ ಐಬಸ್ ಮತ್ತು ಎಂ17ಎನ್ ಪ್ಯಾಕೇಜುಗಳನ್ನು ಹಾಕಿಕೊಂಡರೆ ಅದೇ ಕೆಜಿಪಿ ಸಿಗುತ್ತದೆ, ಅಕ್ಷರಗಳು ನೇರವಾಗಿ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಯುನಿಕೋಡ್‌ನಲ್ಲಿ ಮೂಡುತ್ತವೆ. (ರಾವ್ ಅವರು ನಮ್ಮ ಮಂಗಳೂರಿನ ಬಳಿಯ ಕಿನ್ನಿಕಂಬಳದವರು ಎಂಬುದನ್ನು ಇಲ್ಲಿ ಹೇಳದೆ ಇರಲಾರೆ.) ತೊಡಕಿರುವುದು ನಿಮ್ಮ ಹಳೆಯ ಕಡತಗಳಲ್ಲಿ. ಅವು ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿದ್ದರೆ (ಇವು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸಿದವು), ಆ ಫಾಂಟ್ ಇರುವ ತನಕ ಲಿಬ್ರೆ ಆಫೀಸಿನಲ್ಲಿ ಓದಬಹುದು, ಆದರೆ ಹುಡುಕಲೂ ಆಗದು, ವಾಟ್ಸ್ಆ್ಯಪ್‌ಗೆ ಅಂಟಿಸಲೂ ಆಗದು. ನೀವು ಯಾವ ಆಪರೇಟಿಂಗ್ ಸಿಸ್ಟಮ್ ಆರಿಸಿದರೂ, ಪರಿವರ್ತಕ ತಂತ್ರಾಂಶದಲ್ಲಿ ಹಾಕಿ ಎಲ್ಲವನ್ನೂ ಯುನಿಕೋಡ್‌ಗೆ ತಂದಿಟ್ಟುಕೊಳ್ಳಿ. ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ ನೋಡಬೇಕಾಗುತ್ತದೆ. ಮುದ್ರಣಾಲಯದವರು ಇನ್ನೂ ಆಸ್ಕಿ ಕೇಳುವುದಾದರೆ ಮೂಲ ಪ್ರತಿಯನ್ನು ಅಳಿಸಬೇಡಿ.

ವೀಡಿಯೊ ವಿಷಯದಲ್ಲಿ ಒಂದು ಎಚ್ಚರಿಕೆ. ವೀಡಿಯೊ ಸಂಕಲನದ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಲಿನಕ್ಸ್‌ನಲ್ಲಿಯೂ ಸಿಗುತ್ತದೆ ಎಂದು ಓದಿ ಅನೇಕರು ಅದನ್ನು ಇಳಿಸಿಕೊಳ್ಳುತ್ತಾರೆ. ಆದರೆ ಮೊಬೈಲುಗಳು ಸಾಮಾನ್ಯವಾಗಿ ಬಳಸುವ ಎಚ್.264 ವೀಡಿಯೊವನ್ನು ಆ ಆವೃತ್ತಿ ಲಿನಕ್ಸ್‌ನಲ್ಲಿ ತೆರೆಯುವುದಿಲ್ಲ. ಕೇಡೆನ್‌ಲೈವ್ ಎಂಬ ಇನ್ನೊಂದು ಸಂಕಲನ ತಂತ್ರಾಂಶಕ್ಕೆ ಆ ತಕರಾರಿಲ್ಲ. ತಾಳಮದ್ದಳೆಯ ದೀರ್ಘ ಪ್ರಸಂಗವನ್ನು ಕತ್ತರಿಸಿ ಜೋಡಿಸಲು ಅದು ಸಾಕು. ಅಂತಿಮ ಪ್ರತಿ ತಯಾರಾಗುವಾಗ ಹಳೆಯ ಐ5 ತುಸು ಬೆವರುತ್ತದೆ ಅಷ್ಟೆ.

ಹಂಪನಕಟ್ಟೆಯ ರಿಪೇರಿಯವ

ಆಪರೇಟಿಂಗ್ ಸಿಸ್ಟಮ್‌ನ ಚರ್ಚೆ ಚೆನ್ನಾಗಿ ನಡೆದಿದೆ, ಆದ್ದರಿಂದ ನಾನು ಯಂತ್ರದ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಕರಾವಳಿಯಲ್ಲಿ ಕಂಪ್ಯೂಟರ್ ಕೆಡುವುದು ಆಟದಿಂದಲ್ಲ. ಸಿಡಿಲು, ತೇವ ಮತ್ತು ಇರುವೆಗಳಿಂದ.

ಮಗ ಮುಂದೆ ಹಾಸ್ಟೆಲಿಗೆ ಹೋಗುವನೆಂದು ಖಚಿತವಾಗಿದ್ದರೆ ಮಾತ್ರ ಲ್ಯಾಪ್‌ಟಾಪ್. ಇಲ್ಲವಾದರೆ ಡೆಸ್ಕ್‌ಟಾಪೇ ಸರಿ, ಏಕೆಂದರೆ ಒಂದು ಭಾಗ ಕೆಟ್ಟರೆ ಆ ಭಾಗವನ್ನಷ್ಟೇ ಬದಲಿಸಬಹುದು. ಲ್ಯಾಪ್‌ಟಾಪಿನ ಗ್ರಾಫಿಕ್ಸ್ ಚಿಪ್ಪಿನ ಹೆಸರನ್ನು ನೋಡಿ ಮೋಸಹೋಗಬೇಡಿ. ಆರ್‌ಟಿಎಕ್ಸ್ 4060 ಎಂಬ ಒಂದೇ ಹೆಸರಿನ ಲ್ಯಾಪ್‌ಟಾಪ್ ಚಿಪ್ಪನ್ನು ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಯಾವ ಮಿತಿಗೆ ಬೇಕಾದರೂ ಹೊಂದಿಸಬಹುದು. ಪೆಟ್ಟಿಗೆಯ ಮೇಲೆ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯುವವರು ಕಡಿಮೆ.

ನಿಮ್ಮ ಮೊತ್ತಕ್ಕೆ ಆರು ಕೋರ್‌ಗಳ ರೈಜನ್ 5 7600 ಅಥವಾ ಅದಕ್ಕೆ ಸಮನಾದದ್ದು ಸಾಕು. ಅದು ಕೂರುವ ಎಎಂ5 ಸಾಕೆಟ್ಟಿಗೆ 2027ರವರೆಗಾದರೂ ಬೆಂಬಲ ಇರುತ್ತದೆ ಎಂದು ಎಎಂಡಿ ಹೇಳಿರುವುದರಿಂದ, ಮುಂದೆ ಪ್ರೊಸೆಸರ್ ಬದಲಿಸುವಾಗ ಮದರ್‌ಬೋರ್ಡ್ ಉಳಿಯಬಹುದು. ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 5060 ಅಥವಾ ರೇಡಿಯಾನ್ ಆರ್‌ಎಕ್ಸ್ 9060 ಎಕ್ಸ್‌ಟಿ. ಎರಡೂ ಸುಮಾರು 150 ವ್ಯಾಟ್‌ನವು. ಎರಡನೆಯದು 16 ಜಿಬಿ ಮೆಮೊರಿಯೊಂದಿಗೂ ಬರುತ್ತದೆ; ಸೈಬರ್‌ಪಂಕ್‌ನಂಥ ಆಟಕ್ಕೆ ಆ ಹೆಚ್ಚುವರಿ ಮೆಮೊರಿ ಮುಂದೆ ಉಪಯೋಗಕ್ಕೆ ಬರುತ್ತದೆ. ವ್ಯಾಲೊರಂಟ್‌ಗೆ ಇದರ ಅರ್ಧವೂ ಬೇಡ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿರುವುದರಿಂದ 32 ಜಿಬಿಯ ಆಸೆ ಬಿಟ್ಟು, 8 ಜಿಬಿಯ ಎರಡು ಕಡ್ಡಿಗಳನ್ನು ಹಾಕಿಸಿ. 16 ಜಿಬಿಯ ಒಂದೇ ಕಡ್ಡಿಗಿಂತ ಜೋಡಿ ವೇಗವಾಗಿ ನಡೆಯುತ್ತದೆ. ಎಸ್‌ಎಸ್‌ಡಿ ಮಾತ್ರ 1 ಟಿಬಿಗಿಂತ ಕಡಿಮೆ ಬೇಡ. ಬಾಲ್ಡರ್ಸ್ ಗೇಟ್ 3 ಒಂದೇ 150 ಜಿಬಿ ಜಾಗ ಕೇಳುತ್ತದೆ.

ಇನ್ನು ಅಂಗಡಿಯವರು ಸಾಮಾನ್ಯವಾಗಿ ಹೇಳದ ಖರ್ಚು. ಈ ಯಂತ್ರ ಆಟದ ವೇಳೆಯಲ್ಲಿ ಮಾನಿಟರ್ ಸೇರಿ ಸುಮಾರು 300 ವ್ಯಾಟ್ ಎಳೆಯುತ್ತದೆ. ಎಲ್ಲೆಡೆ ಸಿಗುವ 600 ವಿಎ ಯುಪಿಎಸ್ ಕೊಡುವುದು ಹೆಚ್ಚೆಂದರೆ 360 ವ್ಯಾಟ್. ಬ್ಯಾಟರಿ ಸ್ವಲ್ಪ ಹಳತಾದ ಕೂಡಲೇ ಕರೆಂಟು ಹೋದ ಕ್ಷಣದಲ್ಲೇ ಅದೂ ಕೈಕೊಡುತ್ತದೆ. 1000 ವಿಎ ಅಥವಾ ಅದಕ್ಕೂ ಮೇಲಿನದನ್ನು ತೆಗೆದುಕೊಳ್ಳಿ. ಮನೆಯ ಇನ್ವರ್ಟರ್‌ಗೆ ಜೋಡಿಸುವುದಾದರೆ ಅದು ಸೈನ್‌ವೇವ್ ಆಗಿರಲಿ, ಸ್ವಿಚ್ಚು ಯುಪಿಎಸ್ ಸ್ಥಾನದಲ್ಲಿರಲಿ.

ಏಪ್ರಿಲ್–ಮೇ ತಿಂಗಳ ಗುಡುಗುಮಳೆಯಲ್ಲೂ, ಮಳೆಗಾಲ ಮುಗಿಯುವ ಹೊತ್ತಿನ ಗುಡುಗಿನಲ್ಲೂ ನಮ್ಮ ಮೇಜಿಗೆ ಬರುವ ಮದರ್‌ಬೋರ್ಡುಗಳಲ್ಲಿ ಎಷ್ಟೋ ಸಲ ಸುಟ್ಟಿರುವುದು ಲ್ಯಾನ್ ಪೋರ್ಟ್. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲಿನ ವಿದ್ಯುತ್ ಹರಿಯದು ಎಂದು ಜನ ನಿಶ್ಚಿಂತರಾಗಿರುತ್ತಾರೆ. ಆದರೆ ಫೈಬರ್ ಪೆಟ್ಟಿಗೆಯ ಅಡಾಪ್ಟರ್ ಗೋಡೆಯ ಪ್ಲಗ್ಗಿನಲ್ಲಿರುತ್ತದೆ, ಅಲ್ಲಿಂದ ತಾಮ್ರದ ಲ್ಯಾನ್ ಕೇಬಲ್ ನೇರವಾಗಿ ಕಂಪ್ಯೂಟರಿಗೆ ಹೋಗುತ್ತದೆ. ಗುಡುಗು ಕೇಳಿದರೆ ಪ್ಲಗ್ ಜೊತೆಗೆ ಲ್ಯಾನ್ ಕೇಬಲನ್ನೂ ಕೀಳಬೇಕು. ಮುರಕಲ್ಲಿನ ನೆಲದಲ್ಲಿ ಬೇಸಗೆಗೆ ಅರ್ತಿಂಗ್ ಒಣಗಿ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ, ಎಲೆಕ್ಟ್ರಿಷಿಯನ್ ಒಬ್ಬರಿಂದ ಪರೀಕ್ಷೆ ಮಾಡಿಸಿ.

ಮಳೆಗಾಲದಲ್ಲಿ ಯಂತ್ರವನ್ನು ಮುಚ್ಚಿಟ್ಟು ವಾರಗಟ್ಟಲೆ ಬಿಡಬೇಡಿ, ದಿನಕ್ಕೆ ಸ್ವಲ್ಪ ಹೊತ್ತಾದರೂ ಓಡಲಿ; ಒಳಗಿನ ಬಿಸಿಯೇ ತೇವವನ್ನು ಹೊರಹಾಕುತ್ತದೆ. ಮುಂಭಾಗ ಪೂರ್ತಿ ಗಾಜಿರುವ ಚಂದದ ಕ್ಯಾಬಿನೆಟ್ಟಿಗಿಂತ ಜಾಲರಿಯದ್ದು ಒಳ್ಳೆಯದು, ಜಾಲರಿಯ ಫಿಲ್ಟರ್ ತೊಳೆಯುವಂತಿರಲಿ. ಪಡುವಣ ಕಿಟಕಿಯ ಪಕ್ಕ ಇಡಬೇಡಿ. ಮಲ್ಪೆಯ ಕಡಲ ಬದಿಯ ಮನೆಗಳಿಂದ ಬರುವ ಕ್ಯಾಬಿನೆಟ್‌ಗಳ ತಿರುಪುಗಳನ್ನು ಬಿಚ್ಚುವುದೇ ಒಂದು ಕೆಲಸವಾಗಿರುತ್ತದೆ. ಕುಂಜಿಬೆಟ್ಟು ಅಷ್ಟು ಸಮೀಪವಲ್ಲವಾದರೂ ಉಪ್ಪುಗಾಳಿ ತಲುಪದ ಊರಲ್ಲ.

ಕುಂಜಿಬೆಟ್ಟು ನಿವಾಸಿ

ಮೂವರಿಗೂ ಕೃತಜ್ಞತೆಗಳು. ಡೆಸ್ಕ್‌ಟಾಪ್, ವಿಂಡೋಸ್ 11, ಯುಪಿಎಸ್ ಎಂಬುದು ಖಚಿತವಾಯಿತು. ಹಳೆಯದಕ್ಕೆ ಮಿಂಟ್ ಹಾಕುತ್ತೇನೆ. ಇನ್ನೊಂದು ಸಂದೇಹ: ಹೊಸ ಯಂತ್ರದಲ್ಲಿಯೂ ನನ್ನ ಆಟಗಳಿಗಾಗಿ ಎರಡನೇ ಎಸ್‌ಎಸ್‌ಡಿಯಲ್ಲಿ ಲಿನಕ್ಸ್ ಇಡಬಹುದೇ? ಅದಕ್ಕಾಗಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಿ ಬಂದರೆ ಮಗನ ಆಟ ನಿಂತುಹೋಗುತ್ತದಲ್ಲವೇ?

ಮಣಿಪಾಲದ ಲಿನಕ್ಸ್ ಬಳಕೆದಾರ

ಆಫ್ ಮಾಡಬೇಕಾಗಿಲ್ಲ. ಮಿಂಟ್, ಉಬುಂಟು, ಫೆಡೋರಾ ಎಂಬ ಮೂರೂ ಲಿನಕ್ಸ್‌ಗಳು ಸೆಕ್ಯೂರ್ ಬೂಟ್ ಒಪ್ಪುವ ಸಹಿಯುಳ್ಳ ಬೂಟ್‌ಲೋಡರ್‌ನೊಂದಿಗೆ ಬರುತ್ತವೆ. ರೇಡಿಯಾನ್ ಕಾರ್ಡಿನ ಡ್ರೈವರ್ ಕರ್ನಲ್‌ನಲ್ಲೇ ಇದೆ. ಆದರೆ ಕಾರ್ಡು ಹೊಸದಾದ್ದರಿಂದ ಕರ್ನಲ್ ಕೂಡ ಹೊಸದಿರಬೇಕು, ಹಾಗಾಗಿ ಆ ಯಂತ್ರಕ್ಕೆ ಮಿಂಟ್‌ಗಿಂತ ಫೆಡೋರಾ ಸೂಕ್ತ. ಎನ್‌ವಿಡಿಯಾ ತೆಗೆದುಕೊಂಡರೆ ಡ್ರೈವರ್ ಹಾಕುವಾಗ ಒಂದು ಕೀಯನ್ನು ಫರ್ಮ್‌ವೇರ್‌ಗೆ ನೋಂದಾಯಿಸುವ ಹೆಚ್ಚುವರಿ ಹಂತ ಬರಬಹುದು.

ಮೊದಲು ವಿಂಡೋಸ್ ಹಾಕಿ, ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟುಕೊಂಡ ನಂತರವೇ ಎರಡನೇ ಡ್ರೈವಿಗೆ ಲಿನಕ್ಸ್ ಹಾಕಿ. ಸ್ಟೀಮ್ ಆಟಗಳನ್ನು ವಿಂಡೋಸ್‌ನ ಎನ್‌ಟಿಎಫ್‌ಎಸ್ (ವಿಂಡೋಸ್ ಕಡತ ವ್ಯವಸ್ಥೆ) ಡ್ರೈವಿನಿಂದಲೇ ಲಿನಕ್ಸ್‌ನಲ್ಲಿ ಓಡಿಸಲು ಹೋಗಬೇಡಿ, ಪ್ರೋಟಾನ್ ಅಲ್ಲಿ ಮುಗ್ಗರಿಸುತ್ತದೆ. ಲಿನಕ್ಸ್‌ನಿಂದ ವಿಂಡೋಸ್‌ಗೆ ಮರಳಿದಾಗ ಗಡಿಯಾರ ಐದೂವರೆ ಗಂಟೆ ಹಿಂದೆ ಕಂಡರೆ ಗಾಬರಿಯಾಗಬೇಡಿ: ಮದರ್‌ಬೋರ್ಡಿನ ಗಡಿಯಾರವನ್ನು ಲಿನಕ್ಸ್ ಜಾಗತಿಕ ಸಮಯವೆಂದೂ ವಿಂಡೋಸ್ ಸ್ಥಳೀಯ ಸಮಯವೆಂದೂ ಓದುತ್ತದೆ. ಸ್ಥಳೀಯ ಸಮಯವನ್ನೇ ಅನುಸರಿಸುವಂತೆ ಲಿನಕ್ಸ್‌ಗೆ ಒಮ್ಮೆ ಸೂಚಿಸಿದರೆ ಆ ವ್ಯತ್ಯಾಸ ಮತ್ತೆ ಬರುವುದಿಲ್ಲ.