ಡಾರ್ವಿನ್‌ಗೆ ಅಮ್ಮನನ್ನು ಯಾವ ತಿಂಗಳಲ್ಲಿ ಕರೆಸಿಕೊಳ್ಳಲಿ?

ಪ್ರಶ್ನೆ: ಕೆಲಸಕ್ಕೆಂದು ಆಸ್ಟ್ರೇಲಿಯಾದ ಡಾರ್ವಿನ್‌ಗೆ ಹೋಗುತ್ತಿದ್ದೇನೆ. ಪಟ್ಟಿ ನೋಡಿದರೆ ವರ್ಷಪೂರ್ತಿ ಹಗಲು 30 ಡಿಗ್ರಿ ದಾಟುತ್ತದೆ. ಹಾಗಾದರೆ ಯಾವ ತಿಂಗಳಾದರೂ ಒಂದೇನಾ? ಅಮ್ಮನಿಗೆ ಸೆಕೆ ತಡೆಯುವುದಿಲ್ಲ.

ಉತ್ತರ 1: ಒಂದೇ ಅಲ್ಲ! ಇಲ್ಲೇ ಇರುವವಳು ಹೇಳುತ್ತಿದ್ದೇನೆ, ಬರೀ ಹಗಲಿನ ಡಿಗ್ರಿ ನೋಡಬೇಡಿ. ಜುಲೈನಲ್ಲಿ ರಾತ್ರಿ ಸುಮಾರು 19ಕ್ಕೆ ಇಳಿಯುತ್ತದೆ, ಗಾಳಿ ಒಣಗಿರುತ್ತದೆ, ಕಿಟಕಿ ತೆರೆದು ಮಲಗಬಹುದು. ನವೆಂಬರ್‌ನಲ್ಲಿ ಹಗಲು 33ರ ಆಸುಪಾಸು, ರಾತ್ರಿಯೂ 25. ಮೋಡ ಕಟ್ಟುತ್ತದೆ, ಗುಡುಗುತ್ತದೆ, ಮಳೆ ಮಾತ್ರ ಸರಿಯಾಗಿ ಬರುವುದಿಲ್ಲ. ಬೆವರು ಆರುವುದೇ ಇಲ್ಲ. ನನಗೆ ವರ್ಷದಲ್ಲಿ ತುಂಬಾ ಕಷ್ಟ ಅನ್ನಿಸುವುದು ಈ ಮಳೆಗೆ ಮುಂಚಿನ ದಿನಗಳೇ. ಜನವರಿಯ ಜೋರು ಮಳೆ ಎಷ್ಟೋ ವಾಸಿ. ಅಮ್ಮನನ್ನು ಜೂನ್‌ನಲ್ಲಿ ಕರೆಸಿ. ತೆಳು ಸ್ವೆಟರ್ ಒಂದಿರಲಿ, ಬೆಳಗಿನ ಜಾವ ನಿಜವಾಗಿಯೂ ಬೇಕಾಗುತ್ತದೆ.

ಉತ್ತರ 2: ಕಾರಣ ಗಾಳಿಯ ದಿಕ್ಕು. ಜೂನ್, ಜುಲೈನಲ್ಲಿ ಆಗ್ನೇಯದಿಂದ, ಒಣ ಒಳನಾಡಿನ ಮೇಲಿಂದ ಬೀಸುತ್ತದೆ. ಡಿಸೆಂಬರ್ ಹೊತ್ತಿಗೆ ವಾಯವ್ಯದ ಸಮುದ್ರದಿಂದ ತೇವ ಹೊತ್ತು ತರುತ್ತದೆ.

ಪ್ರಶ್ನೆ ಕೇಳಿದವರು: ಚಂಡಮಾರುತದ ಭಯ ಇದೆಯಾ?

ಉತ್ತರ 1: ನವೆಂಬರ್‌ನಿಂದ ಏಪ್ರಿಲ್‌ವರೆಗೆ ಎಚ್ಚರ ಬೇಕು. 1974ರ ಕ್ರಿಸ್‌ಮಸ್ ದಿನ ಟ್ರೇಸಿ ಚಂಡಮಾರುತ ಊರಿನ ಬಹುಪಾಲು ಮನೆಗಳನ್ನು ಹಾಳುಮಾಡಿತು. ಆಮೇಲೆ ಕಟ್ಟಡದ ನಿಯಮ ಬಿಗಿಯಾಯಿತು. ಬಾಡಿಗೆಗೆ ಮನೆ ನೋಡುವಾಗ ಅದನ್ನು ಯಾವಾಗ ಕಟ್ಟಿದ್ದು ಎಂದು ಕೇಳಿ. ಮತ್ತೆ, ಮಳೆಗಾಲದಲ್ಲಿ ಸಮುದ್ರಕ್ಕೆ ಇಳಿಯಲೇಬೇಡಿ. ಬಾಕ್ಸ್ ಜೆಲ್ಲಿ ಮೀನು ಕುಟುಕಿದರೆ ಜೀವಕ್ಕೇ ಅಪಾಯ.