ಸ್ಕ್ರೂಜನ ‘ಹಂಬಗ್’: ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಚಾರ್ಲ್ಸ್ ಡಿಕನ್ಸ್ ಬರೆದ ‘ಎ ಕ್ರಿಸ್‌ಮಸ್ ಕ್ಯಾರಲ್’ (1843) ಕಥೆಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಒಂದೇ ಒಂದು ಪದ ಎರಡು ವಾರದಿಂದ ಕಾಡುತ್ತಿದೆ. ಕ್ರಿಸ್‌ಮಸ್ ಹಿಂದಿನ ದಿನ ಕಥೆಯ ನಾಯಕ, ಜಿಪುಣ ಸ್ಕ್ರೂಜನ ಲೇವಾದೇವಿ ಕಚೇರಿಗೆ ಸೋದರಳಿಯ ಫ್ರೆಡ್ ನಗುತ್ತ ಬಂದು ಹಬ್ಬದ ಶುಭಾಶಯ ಹೇಳಿದಾಗ ಮುದುಕ ಉಗಿಯುವ ಮಾತು: “ಬಾಹ್! ಹಂಬಗ್!”

ನಿಘಂಟು ತೆರೆದರೆ ಬೂಟಾಟಿಕೆ, ಸೋಗು, ಮೋಸ, ಡಂಭ ಎಲ್ಲವೂ ಸಿಗುತ್ತವೆ. 1750ರ ಸುಮಾರಿಗೆ ಇಂಗ್ಲಿಷಿನಲ್ಲಿ ಕಾಣಿಸಿಕೊಂಡ ಈ ಆಡುಮಾತಿಗೆ ಮೊದಲಿಂದಲೂ ‘ಟೋಪಿ ಹಾಕುವುದು’ ಎಂಬ ಅರ್ಥವಿತ್ತು. ಆದ್ದರಿಂದ ಬರೀ ‘ಅಸಂಬದ್ಧ’ ಎಂದರೆ ಸಾಲದು. ಡಿಸೆಂಬರ್ 25 ಬಂತೆಂದರೆ ತನ್ನ ಜೇಬಿಗೆ ಕತ್ತರಿ ಬೀಳುತ್ತದೆ, ಹಬ್ಬ ಅದಕ್ಕೊಂದು ನೆಪ ಎಂದು ಸ್ಕ್ರೂಜ್ ನಿಜವಾಗಿಯೂ ನಂಬಿದ್ದಾನೆ. ಗುಮಾಸ್ತ ಬಾಬ್ ಕ್ರ್ಯಾಚಿಟ್‌ಗೆ ವಾರಕ್ಕೆ 15 ಶಿಲಿಂಗ್ ಸಂಬಳ ಕೊಡುವವನು, ಅವನ ಒಲೆಗೆ ಇದ್ದಿಲು ಸಿಗದಂತೆ ಡಬ್ಬಿಯನ್ನು ತನ್ನ ಕೋಣೆಯಲ್ಲೇ ಇಟ್ಟುಕೊಂಡವನು. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತೀವಲ್ಲ, ಅಂಥವನು.

ಇಷ್ಟೇ ಆಗಿದ್ದರೆ ‘ಬೂಟಾಟಿಕೆ’ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಆದರೆ ಅದೇ ರಾತ್ರಿ ಮನೆಯಲ್ಲಿ, ಸತ್ತು ಏಳು ವರ್ಷವಾದ ಪಾಲುದಾರ ಮಾರ್ಲಿಯ ಮುಖ ಅಗ್ಗಿಷ್ಟಿಕೆಯ ಹೆಂಚುಗಳಲ್ಲಿ ಕಂಡಂತಾದಾಗಲೂ ಅವನು ಇದೇ ಪದ ಹೇಳುತ್ತಾನೆ. ನೆಲಮಾಳಿಗೆಯಿಂದ ಸರಪಳಿ ಎಳೆದ ಸದ್ದು ಮೇಲೇರಿ ಬರುವಾಗಲೂ ಅದೇ. ದೆವ್ವ ಎದುರಿಗೆ ಕೂತಿರುವಾಗಲೂ ಅದೇ, ಎರಡೆರಡು ಸಲ. ಅಲ್ಲಿ ಅದರ ಅರ್ಥ ‘ಇದೆಲ್ಲ ಕಣ್ಕಟ್ಟು’ ಎಂದು. ದೆವ್ವಕ್ಕೆ ‘ಬೂಟಾಟಿಕೆ’ ಎಂದರೆ ಕನ್ನಡದ ಕಿವಿ ಒಪ್ಪುವುದಿಲ್ಲ. ಮುಂದೆ ಮೂರನೆಯ ಭಾಗದಲ್ಲಿ ಫ್ರೆಡ್ ತನ್ನ ಮನೆಯ ಔತಣದಲ್ಲಿ ಮಾವನ ಈ ಮಾತನ್ನು ನೆನೆದು ಬಿದ್ದು ಬಿದ್ದು ನಗುತ್ತಾನೆ. ಅಂದರೆ ಸಿಡುಕಿನಲ್ಲೂ ಭಯದಲ್ಲೂ ನಗೆಯಲ್ಲೂ ಒಂದೇ ಪದ ದುಡಿಯಬೇಕು.

ಎಲ್ಲಕ್ಕಿಂತ ಕಷ್ಟದ ಜಾಗ ಮೊದಲ ಭಾಗದ ಕೊನೆಯಲ್ಲಿದೆ. ಮಾರ್ಲಿ ಕಿಟಕಿಯಿಂದ ಹೊರಟುಹೋದ ಮೇಲೆ ಸ್ಕ್ರೂಜ್ ಬಾಗಿಲಿನ ಬೀಗ ನೋಡುತ್ತಾನೆ, ‘ಹಂಬಗ್’ ಎನ್ನಲು ಬಾಯಿ ತೆರೆಯುತ್ತಾನೆ, ಮೊದಲ ಅಕ್ಷರಕ್ಕೇ ನಿಂತುಬಿಡುತ್ತಾನೆ. ಅವನು ಬದಲಾಗತೊಡಗಿದ್ದು ಆ ಅರ್ಧ ಪದದಲ್ಲಿ ಎಂದೇ ನನ್ನ ಓದು. ಹಾಗಾಗಿ ನಾವು ಆರಿಸುವ ಪದ ಮೊದಲ ಅಕ್ಷರದಲ್ಲಿ ಮುರಿದರೂ ಗುರುತು ಸಿಗಬೇಕು. ‘ಹಂಬಗ್’ ಎಂದೇ ಉಳಿಸಿಕೊಂಡರೆ ಅದು ‘ಹಂ…’ ಎಂದು ನಿಲ್ಲುತ್ತದೆ. ನಮ್ಮವರಿಗೆ ಅದು ಹೂಂಗುಟ್ಟಿದಂತೆ ಕೇಳುತ್ತದೆ! ‘ಹುಸಿ’ ಎಂದರೆ ವಚನದ ನೆನಪು ಬರುತ್ತದೆ, ಸಾಹುಕಾರನ ಬಾಯಿಗೆ ಒಗ್ಗದು. ‘ಬೊಗಳೆ’ಯಲ್ಲಿ ಜಂಬ ಕೊಚ್ಚಿಕೊಳ್ಳುವ ವಾಸನೆ ಹೆಚ್ಚು.

ಸದ್ಯಕ್ಕೆ ನನ್ನ ಮನಸ್ಸು ವಾಲಿರುವುದು ‘ಬುರುಡೆ’ಯ ಕಡೆಗೆ. “ಥತ್! ಬರೀ ಬುರುಡೆ!” ಹಬ್ಬಕ್ಕೂ ಸಲ್ಲುತ್ತದೆ, ದೆವ್ವಕ್ಕೂ ಸಲ್ಲುತ್ತದೆ, ತಲೆಬುರುಡೆಯ ನೆರಳು ಬೇರೆ ಇದೆ. ಗೋರಿಗೂ (ಇಂಗ್ಲಿಷಿನ ‘ಗ್ರೇವ್’) ಗ್ರೇವಿಗೂ ಪ್ರಾಸ ಕಟ್ಟಿ ದೆವ್ವದ ಮುಂದೆ ಶ್ಲೇಷೆಯಾಡುವ ಸ್ಕ್ರೂಜನಿಗೆ ಅದು ಹೊರತಲ್ಲ. “ಕ್ರಿಸ್‌ಮಸ್ ಬುರುಡೆಯೇ ಮಾವ?” ಎಂದು ಫ್ರೆಡ್ ಕೇಳುವುದೂ ಸಹಜವಾಗಿ ಬರುತ್ತದೆ. (ಇಂಗ್ಲಿಷಿನ ‘ಅಂಕಲ್’ ಏನನ್ನೂ ಬಿಟ್ಟುಕೊಡುವುದಿಲ್ಲ. ಫ್ರೆಡ್ ಸ್ಕ್ರೂಜನ ತೀರಿಹೋದ ತಂಗಿ ಫ್ಯಾನಳ ಮಗ ಎಂದು ತಿಳಿಯುವುದು ಎರಡನೆಯ ಭಾಗದಲ್ಲಿ. ಕನ್ನಡದ ‘ಮಾವ’ ಅದನ್ನು ಮೊದಲೇ ಸೂಚಿಸಿಬಿಡುತ್ತದೆ. ತಂಗಿಯ ಮಗನನ್ನೇ ಹೀಗೆ ಗದರುತ್ತಾನಲ್ಲ ಎಂಬ ಸಂಕಟವೂ ಆಗಲೇ ಶುರು. ಅದು ನನಗೆ ಒಪ್ಪಿಗೆಯೇ.)

ಭಾಗಗಳಿಗೆ ಡಿಕನ್ಸ್ ಅಧ್ಯಾಯ ಎನ್ನದೆ ಹಾಡಿನ ಪದವಾದ ‘ಸ್ಟೇವ್’ ಬಳಸಿದ್ದಾನೆ. ಐದಕ್ಕೂ ‘ನುಡಿ’ ಎಂದಿಟ್ಟಿದ್ದೇನೆ.

ನನ್ನ ಅಳುಕು ಇಷ್ಟು: ‘ಬುರುಡೆ ಬಿಡಬೇಡ’ ಎನ್ನುವುದು ಮೈಸೂರು ಕಡೆಯ ನಮಗೆ ತೀರಾ ಸಲೀಸು, ಸ್ವಲ್ಪ ಹಗುರ ಕೂಡ. ಧಾರವಾಡ, ಕಲಬುರಗಿ ಕಡೆಯವರಿಗೆ ಇದರಲ್ಲಿ ಸಿಟ್ಟು ಕೇಳಿಸುತ್ತದೆಯೇ? ಮಂಗಳೂರಿನವರು ಇಂಥ ಸಿಡುಕಿಗೆ ಏನೆನ್ನುತ್ತೀರಿ? ನಿಮ್ಮ ಮನೆಯ ಹಿರಿಯರೊಬ್ಬರು ಲೆಕ್ಕದ ಪುಸ್ತಕದಿಂದ ತಲೆಯೆತ್ತದೆ ಹೇಳಬಹುದಾದ ಪದ ಬೇಕು. ಮೊದಲ ಅಕ್ಷರಕ್ಕೆ ಮುರಿದು ನೋಡಿ, ಆಮೇಲೆ ತಿಳಿಸಿ.